ಇಪ್ಪತ್ತೊಂದು ದಿನದ ಮೇಜು

"ಕಾಯಿರಿ, ಕಾಯಿರಿ ಎಂದು ಹೇಳಿಯೇ ನೀವು ಬಡವರಿಗೆ ಅನ್ಯಾಯ ಮಾಡಿದ್ದೀರಿ," ಎಂದು ಶಿಷ್ಯ ಗುರುಗಳ ಮುಖಕ್ಕೇ ಹೇಳಿದ. "ಆ ಮಾತು ಯಾವತ್ತೂ ಹೊಟ್ಟೆ ತುಂಬಿದವರ ಬಾಯಿಂದಲೇ ಬರುತ್ತದೆ. ಕಾಯುವುದರಲ್ಲಿ ದೊಡ್ಡತನ ಎಲ್ಲಿದೆ, ತೋರಿಸಿ."

ಗುರುಗಳು ಆ ಮಾತನ್ನು ಅಲ್ಲಗಳೆಯಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನ ಶಾಲೆಯಲ್ಲಿ ಒಬ್ಬ ಅಡುಗೆಯವಳಿದ್ದಳು. ದಿನಕ್ಕೆ ಇನ್ನೂರು ಮಕ್ಕಳ ಊಟ. ಹನ್ನೊಂದು ವರ್ಷ ಅವಳು ನೆಲದಲ್ಲಿ ಈಳಿಗೆಮಣೆಯ ಮೇಲೆ ಕೂತು ತರಕಾರಿ ಹೆಚ್ಚಿದಳು. ಮೊಣಕಾಲು ಕೆಟ್ಟಿತು. ಏಳಬೇಕಾದರೆ ಗೋಡೆ ಹಿಡಿಯಬೇಕು. ನಿಂತು ಕೆಲಸ ಮಾಡಲು ಒಂದು ಮೇಜು ಕೊಡಿ ಎಂದು ಪ್ರತಿ ವರ್ಷವೂ ಕೇಳಿದಳು. ಶಾಲೆಯ ಸಮಿತಿಯ ಅಧ್ಯಕ್ಷ ಪ್ರತಿ ವರ್ಷವೂ "ನೋಡೋಣ" ಎಂದ.

ಕೊನೆಗೊಂದು ದಿನ ಅವಳು ಸಮಿತಿಯ ಸಭೆಗೆ ಹೋಗಿ ಬಾಗಿಲಿಗೆ ಅಡ್ಡ ಕೂತಳು. "ಎಬ್ಬಿಸಿ ನೋಡಿ, ಆಗ ಗೊತ್ತಾಗುತ್ತೆ," ಎಂದಳು. ಎಬ್ಬಿಸಲು ಮೂವರು ಬೇಕಾಯಿತು. ಮೇಜು ಮಂಜೂರಾಯಿತು.

"ಇದು ಹಾಳಾದರೆ ಇನ್ನೊಂದಿಲ್ಲ. ಮತ್ತೆ ನೆಲವೇ ಗತಿ," ಎಂದ ಅಧ್ಯಕ್ಷ.

ಬಡಗಿಯೊಬ್ಬ ಗಟ್ಟಿ ಮರದ ಮೇಜು ಮಾಡಿದ. ಥಿನ್ನರ್ ಬೆರೆಸಿದ ಪಾಲಿಶ್ ಬೇಡ, ಅದರ ವಾಸನೆ ಅಡುಗೆಮನೆಯಲ್ಲಿ ದಿನಗಟ್ಟಲೆ ನಿಲ್ಲುತ್ತದೆ, ಒಲೆಯ ಬಳಿ ಬೆಂಕಿಯ ಭಯವೂ ಇದೆ ಎಂದ. ಥಿನ್ನರ್ ಬದಲು ನೀರು ಬೆರೆತ, ಒಣಗಿದ ಮೇಲೆ ಗಟ್ಟಿಯಾಗುವ ಪಾಲಿಶ್ ತಂದ.

ಅಧ್ಯಕ್ಷ ನಕ್ಕ. "ನೀರಲ್ಲಿ ಕಲಸಿದ್ದು ನೀರು ತಡೆಯುತ್ತೇನಯ್ಯಾ? ನಾಳೆ ಮಜ್ಜಿಗೆಯಲ್ಲಿ ಕಲಸಿಕೊಂಡು ಬರ್ತೀಯಾ?"

"ನೀರು ಆರಿಹೋಗುತ್ತೆ ಯಜಮಾನ್ರೇ. ಉಳಿದದ್ದು ಮರ ಹಿಡಿಯುತ್ತೆ."

ಬಡಗಿ ಅವನೊಡನೆ ಹೆಚ್ಚು ವಾದಿಸಲಿಲ್ಲ. ಮೇಜಿನ ಮುಂದೆ ದುಡಿಯಬೇಕಾದ ಅಡುಗೆಯವಳ ಬಳಿಗೆ ಹೋದ. ಎರಡು ಹಲಗೆ ತುಂಡು ಕೊಟ್ಟ. ಎರಡಕ್ಕೂ ಅದೇ ಪಾಲಿಶ್. ಒಂದಕ್ಕೆ ಬಳಿದು ನಾಲ್ಕು ದಿನವಾಗಿತ್ತು, ಇನ್ನೊಂದಕ್ಕೆ ಒಂದು ತಿಂಗಳು. ಅವಳು ಎರಡರ ಮೇಲೂ ಅರಿಶಿನ ಕಲಸಿ ಮೆತ್ತಿದಳು. ಕುದಿಯುವ ಸಾರಿನಿಂದ ಸೌಟು ತೆಗೆದು ಇಟ್ಟಳು. ಸ್ವಲ್ಪ ಹೊತ್ತು ಬಿಟ್ಟು ಒರೆಸಿದಳು. ನಾಲ್ಕು ದಿನದ ಹಲಗೆ ಹಳದಿ ಕುಡಿದಿತ್ತು, ಸೌಟು ಇಟ್ಟಲ್ಲಿ ಬಿಳಿ ಮಚ್ಚೆ ಬಿದ್ದಿತ್ತು. ತಿಂಗಳಾದ ಹಲಗೆಗೆ ಏನೂ ಆಗಿರಲಿಲ್ಲ.

"ಮುಟ್ಟಿದರೆ ಎರಡೂ ಒಂದೇ ಥರ ಒಣಗಿದೆಯಲ್ಲ ಅಣ್ಣಾ?"

"ಮೇಲೆ ಎರಡು ಗಂಟೆಗೆ ಒಣಗುತ್ತೆ ತಂಗಿ. ಪೂರಾ ಗಟ್ಟಿಯಾಗೋಕೆ ಇಪ್ಪತ್ತೊಂದು ದಿನ ಬೇಕು."

"ಇದೇ ಬಳಿ," ಎಂದಳು ಅವಳು.

ಅವನು ನಾಲ್ಕು ಸಲ ಬಳಿದ. ಪ್ರತಿ ಸಲವೂ ತೆಳುವಾಗಿ. ಪ್ರತಿ ಸಲದ ನಡುವೆ ಸ್ಯಾಂಡ್‌ಪೇಪರ್ ಹಿಡಿದು ಹಗುರ ಕೈಯಲ್ಲಿ ಉಜ್ಜಿದ. ಯಾರೂ ನೋಡದ ಮೇಜಿನ ಅಡಿಭಾಗಕ್ಕೂ ಬಳಿದ. ಕುರ್ಚಿಯಲ್ಲಿ ಕೂತವರು ಇಂಥವನನ್ನು ಕಂಡರೆ ಎದ್ದು ನಿಲ್ಲಬೇಕು. ನಿಲ್ಲುವುದಿಲ್ಲ, ಅದು ಬೇರೆ ಮಾತು.

ಕೊನೆಯ ಸಲ ಬಳಿದ ನಾಲ್ಕನೆಯ ದಿನ ಅಧ್ಯಕ್ಷ ಊರಿನ ದೊಡ್ಡವರನ್ನು ಕರೆತಂದ. ತಟ್ಟೆಯಲ್ಲಿ ಅರಿಶಿನ, ಕುಂಕುಮ, ತೆಂಗಿನಕಾಯಿ, ಎಣ್ಣೆಯ ದೀಪ. ಪೂಜೆಯಾಗದೆ ಹೊಸ ವಸ್ತುವನ್ನು ಬಳಸಬಾರದು ಎಂಬುದು ಅಲ್ಲಿನ ಪದ್ಧತಿ. ಅಧ್ಯಕ್ಷ ಅರಿಶಿನದಲ್ಲಿ ಬೆರಳು ಅದ್ದಿ ಮೇಜಿನ ಕಡೆ ಕೈ ಚಾಚಿದ. ಅಡುಗೆಯವಳು ನಡುವೆ ಬಂದು ನಿಂತಳು.

"ಹದಿನೇಳು ದಿನ ಬಿಟ್ಟು ಬನ್ನಿ."

"ಏನವ್ವಾ ಇದು? ಹನ್ನೊಂದು ವರ್ಷ ಮೇಜು ಮೇಜು ಅಂತ ಪ್ರಾಣ ತಿಂದವಳು ನೀನೇ. ಈಗ ಬೇಡವಾ?"

"ಬೇಕು. ಅದಕ್ಕೇ ಮುಟ್ಟಬೇಡಿ ಅಂತಿರೋದು. ಇವತ್ತೇ ಪೂಜೆ ಆಗಬೇಕಾದರೆ ನನ್ನ ಮೊಣಕಾಲಿಗೆ ಮಾಡಿ. ಇಷ್ಟು ವರ್ಷ ಈ ಶಾಲೆಗೆ ಮೇಜಾಗಿದ್ದು ಅದೇ."

ಅವಳು ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕೂತಳು. ಈಳಿಗೆಮಣೆ ಎಳೆದುಕೊಂಡು ಕುಂಬಳಕಾಯಿ ಹೆಚ್ಚತೊಡಗಿದಳು. ದೊಡ್ಡವರು ತಟ್ಟೆ ಹಿಡಿದುಕೊಂಡು ಹೊರಟುಹೋದರು.

ಹದಿನೇಳು ದಿನ ಅವಳು ತನ್ನದೇ ಹೊಸ ಮೇಜಿನ ಪಕ್ಕದಲ್ಲಿ ನೆಲದ ಮೇಲೆ ಕೂತು ದುಡಿದಳು. ದಿನವೂ ನೋವು ತಿಂದಳು. ಒಂದು ಲೋಟವನ್ನೂ ಅದರ ಮೇಲೆ ಇಡಗೊಡಲಿಲ್ಲ. ಇಪ್ಪತ್ತೆರಡನೆಯ ದಿನ, ಪೂಜೆಯಾದ ಮೇಲೆ, ನಿಂತು ಹೆಚ್ಚಿದಳು. ಆಮೇಲೆ ಆರು ವರ್ಷ ಆ ಮೇಜಿನ ಮೇಲೆ ಸಾರು ಚೆಲ್ಲಿತು, ಅರಿಶಿನ ಬಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಎಲ್ಲ ಹೋಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಬಿಡಲಿಲ್ಲ. "ಹಾಗಾದರೆ ಅವಳಂತೆ ಎಲ್ಲರೂ ಕಾಯಬೇಕೇ?"

"ಹದಿನೇಳು ದಿನ ಕಾಯುತ್ತೇನೆಂದು ತೀರ್ಮಾನಿಸಿದವಳು ಅವಳು, ಹನ್ನೊಂದು ವರ್ಷ ಕಾಯಿಸಿದವರು ನಿನ್ನಂತೆ, ನನ್ನಂತೆ ಉಂಡು ಕೈ ತೊಳೆದವರು. ಎದ್ದು ನಿನ್ನೂರ ಶಾಲೆಗೆ ಹೋಗು, ಅಡುಗೆಯವಳು ಎಲ್ಲಿ ಕೂತಿದ್ದಾಳೆ ನೋಡು."