ಮೌನದ ಕೋಣೆಯ ಚಿಲಕ

ಮಲಪ್ರಭೆಯ ದಂಡೆಯ ಮೇಲೆ ಒಂದು ಮಠವಿತ್ತು. ಅಲ್ಲೊಂದು ಔಷಧಾಲಯ, ಬಂದ ರೋಗಿಗಳಿಗೆ ಉಳಿಯಲು ಕೋಣೆಗಳು, ಎಲ್ಲರಿಗೂ ಒಂದೇ ಅಡುಗೆಮನೆ.

ಯಾರು ಬಂದರು, ಯಾವ ಕೋಣೆ, ಏನು ಕಾಯಿಲೆ, ಏನು ಪಥ್ಯ ಎಂಬುದೆಲ್ಲ ಕಂಪ್ಯೂಟರಿನ ಒಂದೇ ಫೈಲಿನಲ್ಲಿ ಇರುತ್ತಿತ್ತು. ವಸತಿ, ಔಷಧಾಲಯ, ಅಡುಗೆಮನೆ, ಮೂರೂ ಕಡೆಯವರು ಆ ಫೈಲನ್ನು ಒಟ್ಟಿಗೇ ತೆರೆದುಕೊಂಡು ಕೆಲಸ ಮಾಡುತ್ತಿದ್ದರು.

ಅದನ್ನೆಲ್ಲ ಜೋಡಿಸಿದವನು ಚನ್ನವೀರ. ಕಂಪ್ಯೂಟರ್ ಓದಿ ಮುಗಿಸಿ, ಕಾವಿ ಉಟ್ಟು, ಸಾಧಕನಾಗಿ ಸೇರಿದವನು. ಅಂಥವರನ್ನು ಮಠದಲ್ಲಿ ಎಲ್ಲರೂ ದೇವರು ಎಂದೇ ಕರೆಯುತ್ತಾರೆ. ಈ ದೇವರಿಗೆ ಸಂಶಯ ಬಹಳ.

ವಸತಿಯ ಕೆಲಸಕ್ಕೆ ನಿಂಬೆಕ್ಕ ಬಂದ ಮೇಲೆ ಆ ಸಂಶಯಕ್ಕೊಂದು ವಿಳಾಸ ಸಿಕ್ಕಿತು.

ನಿಂಬೆಕ್ಕ ಗಂಡನ ಮನೆ ಬಿಟ್ಟು ಬಂದವಳು. ತವರಿನವರು ಒಳಗೆ ಸೇರಿಸಿರಲಿಲ್ಲ. ಮಠ ಬಿಟ್ಟರೆ ಅವಳಿಗೆ ಇರಲು ಜಾಗವಿರಲಿಲ್ಲ.

ಚನ್ನವೀರ ಹಿಂದೆ ಬಂದು ನಿಂತರೆ ಸಾಕು, ಅವಳು ಪರದೆಯ ಮೇಲಿದ್ದುದನ್ನು ತಟ್ಟನೆ ಮುಚ್ಚಿಬಿಡುತ್ತಿದ್ದಳು.

ಏನನ್ನು ಮುಚ್ಚಿಡುತ್ತಿದ್ದಾಳೆ? ಅವನಿಗೆ ಊಟ ರುಚಿಸದಾಯಿತು. ಸದ್ದಾಗದಿರಲೆಂದು ಚಪ್ಪಲಿಯನ್ನು ತನ್ನ ಕೋಣೆಯಲ್ಲೇ ಬಿಟ್ಟು, ಬರಿಗಾಲಲ್ಲಿ ಬಂದು ಅವಳ ಬೆನ್ನ ಹಿಂದೆ ನಿಲ್ಲತೊಡಗಿದ. ಅವಳು ಇನ್ನೂ ಬೇಗ ಮುಚ್ಚತೊಡಗಿದಳು.

ಕೊನೆಗೆ ಯಾರಿಗೂ ಹೇಳದೆ ಒಂದು ಕೆಲಸ ಮಾಡಿದ. ಆ ಫೈಲಿದ್ದ ಫೋಲ್ಡರಿನಲ್ಲಿ ನಿಂಬೆಕ್ಕ ಹೊಸದಾಗಿ ಏನನ್ನೂ ಇಡಲಾಗದಂತೆ ಮಾಡಿದ. ಇದ್ದ ಫೈಲಿನಲ್ಲಿ ಬರೆಯಬಹುದು, ಅಷ್ಟೇ. ಈಗ ಅವನಿಗೆ ಸ್ವಲ್ಪ ಸಮಾಧಾನವಾಯಿತು.

ಅದಾದ ಮೇಲೆ ಶುರುವಾಯಿತು ತಾಪತ್ರಯ.

ಕೆಲವು ದಿನ ಬೆಳಿಗ್ಗೆ ಔಷಧಾಲಯದಲ್ಲಿ ಫೈಲ್ ತೆರೆಯುತ್ತಲೇ ಇರಲಿಲ್ಲ. ಅಡುಗೆಮನೆಯಲ್ಲೂ ಅದೇ ಗತಿ. ಈ ಫೈಲನ್ನು ವಸತಿಯವರು ತಮಗೊಬ್ಬರಿಗೇ ತೆರೆದುಕೊಂಡಿದ್ದಾರೆ ಎಂದು ಪರದೆಯ ಮೇಲೆ ಬರುತ್ತಿತ್ತು.

ನಿಂಬೆಕ್ಕ ಎಲ್ಲರಿಗಿಂತ ಮೊದಲು ಕೆಲಸಕ್ಕೆ ಕೂತ ದಿನವೇ ಹೀಗಾಗುತ್ತಿತ್ತು. ಬೇರೆಯವರು ಮೊದಲು ತೆರೆದ ದಿನ ಎಲ್ಲ ಸರಾಗ.

ಚನ್ನವೀರನಿಗೆ ಇನ್ನೇನು ಬೇಕು?

ಒಂದು ಸೋಮವಾರ ಪಥ್ಯದ ವಿವರ ಅಡುಗೆಮನೆಗೆ ಮುಟ್ಟಲಿಲ್ಲ. ಸಕ್ಕರೆ ಕಾಯಿಲೆಯ ಮುದುಕರೊಬ್ಬರ ತಾಟಿಗೆ ಬೆಲ್ಲದ ಗೋಧಿ ಹುಗ್ಗಿ ಬಿತ್ತು. ಅವರೂ ಬಾಯಿ ಬಿಡದೆ, ಇನ್ನಷ್ಟು ಹಾಕಿಸಿಕೊಂಡು ಉಂಡರು. ಆಮೇಲೆ ಅವರನ್ನು ಮಲಗಿಸಿ ಉಪಚರಿಸಬೇಕಾಯಿತು.

ಚನ್ನವೀರ ನೇರವಾಗಿ ಗುರುಗಳ ಹತ್ತಿರ ಹೋದ. ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅವರು ಹೊಳೆಯ ಮೆಟ್ಟಿಲ ಮೇಲೆ ಕೂತು ಬಟ್ಟೆ ಹಿಂಡುತ್ತಿದ್ದರು.

"ಅಜ್ಜಾರ, ನಿಂಬೆಕ್ಕನ್ನ ಇಲ್ಲಿಂದ ಕಳಸ್ರಿ."

"ಎಲ್ಲಿಗೆ?"

"ಎಲ್ಲಿಗರ ಹೋಗ್ಲಿ. ಬೇಕಂತಽ ಫೈಲಿನಾಗ ಚಿಲಕ ಹಾಕ್ಕೊಂಡು ಕುಂದರ್ತಾಳ. ಏನೋ ಮುಚ್ಚಿಡೂದು ಐತಿ."

"ನೀ ನೋಡೀಯೇನು?"

"ನೋಡಾಕ ಎಲ್ಲಿ ಬಿಡ್ತಾಳ್ರಿ? ನಾ ಹೋದ ಕೂಡ್ಲೆ ಮುಚ್ಚತಾಳ. ಏನೂ ಇಲ್ಲಂದ್ರ ಯಾಕ ಮುಚ್ಚಬೇಕು?"

"ಆಕಿನ್ನ ಕೇಳಿದೇನು?"

"ಕೇಳಿದ್ರ ಖರೇ ಹೇಳ್ತಾಳೇನ್ರಿ?"

ಅಜ್ಜಾರು ಅವನ ಕಾಲು ನೋಡಿದರು. ಬರಿಗಾಲಲ್ಲೇ ಬಂದಿದ್ದ.

"ನಾಳೆ ಮಧ್ಯಾಹ್ನ ಬಸ್ ಐತಿ, ಅಷ್ಟರಾಗ ನೋಡೂಣು. ಮುಂಜಾನೆ ನೀ ಮೌನದ ಕೋಣ್ಯಾಗ ಹೋಗಿ ಕುಂದ್ರು. ಚಪ್ಪಲಿ ಮಾತ್ರ ಹೊರಗ ಬಿಡಬ್ಯಾಡ. ಒಳಗಽ ಇಟ್ಕೊ."

"ಯಾಕ್ರಿ?"

"ಹಂಗಽ."

ತನ್ನನ್ನು ಕಳಿಸುತ್ತಾರಂತೆ ಎಂಬ ಸುದ್ದಿ ಸಂಜೆಯೊಳಗೆ ನಿಂಬೆಕ್ಕನ ಕಿವಿಗೆ ಬಿತ್ತು. ಅವಳು ಯಾರನ್ನೂ ಏನೂ ಕೇಳಲಿಲ್ಲ. ಟ್ರಂಕು ಎಳೆದು ಸೀರೆಗಳನ್ನು ತುಂಬಿಕೊಂಡಳು.

ಮೌನದ ಕೋಣೆಗೆ ಒಂದು ಪದ್ಧತಿಯಿತ್ತು. ಒಳಗೆ ಕೂರುವವರು ಚಪ್ಪಲಿಯನ್ನು ಹೊಸ್ತಿಲ ಹೊರಗೆ ಬಿಡಬೇಕು. ಆಮೇಲೆ ಬಂದವರು ಅದನ್ನು ನೋಡಿ, ಒಳಗೆ ಜನ ಇದ್ದಾರೆಂದು ತಿಳಿದು, ಮೆಲ್ಲಗೆ ಹೋಗಿ ಖಾಲಿ ಜಾಗದಲ್ಲಿ ಕೂರುತ್ತಿದ್ದರು. ಕಿಟಕಿಯಿಲ್ಲದ ಕೋಣೆ, ಒಳಗೆ ಹೋದವರಿಗೆ ಏನೂ ಕಾಣುತ್ತಿರಲಿಲ್ಲ. ಹೊರಗೆ ಚಪ್ಪಲಿ ಇಲ್ಲವೆಂದರೆ ಒಳಗೆ ಯಾರೂ ಇಲ್ಲ.

ಚನ್ನವೀರ ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತ.

ಕಸ ಗುಡಿಸುವ ದುಂಡಪ್ಪ ಬಂದ. ಹೊಸ್ತಿಲು ನೋಡಿದ, ಯಾರೂ ಇಲ್ಲವೆಂದುಕೊಂಡು ಜೋರಾಗಿ ಗುಡಿಸಿದ. ಧೂಳೆಲ್ಲ ಚನ್ನವೀರನ ಬಾಯಿಗೆ ಹೋಯಿತು. ಮೌನದ ಕೋಣೆಯಲ್ಲಿ ಮಾತಾಡುವಂತಿಲ್ಲ, ಸಹಿಸಿಕೊಂಡ.

ಆಮೇಲೆ ಹುಗ್ಗಿ ಉಂಡ ಮುದುಕರು ಬಂದರು. ತಡವರಿಸಿಕೊಂಡು ಬಂದು ಅವನ ತೊಡೆಯ ಮೇಲೆಯೇ ಕೂತರು. ಏನೋ ಬೆಚ್ಚಗಿದೆಯಲ್ಲ ಎಂದು ಹೌಹಾರಿ ಎದ್ದು ಹೊರಗೋಡಿದರು.

ಇನ್ನು ಆಗದು ಎನ್ನಿಸಿತು ಚನ್ನವೀರನಿಗೆ. ಎದ್ದು ಒಳಗಿಂದ ಚಿಲಕ ಹಾಕಿಕೊಂಡ. ಈಗ ನೆಮ್ಮದಿಯಾಗಿ ಕೂರಬಹುದು.

ಹೊರಗೆ ಜನ ಸೇರತೊಡಗಿದರು. ಬಾಗಿಲು ತಳ್ಳಿದರು, ಬಡಿದರು.

"ಚಪ್ಪಲಿ ಇಲ್ಲ, ಬಾಗಲಾ ನೋಡಿದ್ರ ಒಳಗಿಂದ ಹಾಕೈತಿ."

"ಯಾಂವೋ ಕಳ್ಳ ಹೊಕ್ಕಾನ."

"ಒಳಗ ಕದಿಯಾಕ ಏನೈತಿ?"

"ಏನೋ ಮುಚ್ಚಿಡೂದು ಇರಬೇಕು. ಒಳ್ಳೆ ಮನಶಾ ಇದ್ರ ಯಾಕ ಚಿಲಕ ಹಾಕ್ತಿದ್ದ?"

ಒಳಗೆ ಚನ್ನವೀರನಿಗೆ ಆ ಮಾತು ಎಲ್ಲೋ ಕೇಳಿದಂತಿತ್ತು. ಆಡಿದ್ದು ತಾನೇ ಎಂದು ತಕ್ಷಣಕ್ಕೆ ಹೊಳೆಯಲಿಲ್ಲ.

ಆಗ ಅಜ್ಜಾರ ದನಿ ಕೇಳಿಸಿತು. "ಅಂವ ಯಾಂವ ಇದ್ರೂ ಮಧ್ಯಾಹ್ನದ ಬಸ್ಸಿಗೆ ಕಳಸ್ರಿ."

ಚನ್ನವೀರ ಬಾಗಿಲು ತೆರೆದ. ಧೂಳು ಮೆತ್ತಿದ ದೇವರನ್ನು ಕಂಡು ಒಬ್ಬೊಬ್ಬರೇ ಅಲ್ಲಿಂದ ಜಾಗ ಖಾಲಿ ಮಾಡಿದರು.

"ಅಜ್ಜಾರ, ಚಪ್ಪಲಿ ಹೊರಗ ಬಿಡಬ್ಯಾಡ ಅಂದವ್ರು ನೀವಽ."

"ಹೌದು."

"ಅದಕ್ಕಽ ಚಿಲಕ ಹಾಕಬೇಕಾತ್ರಿ. ಇಲ್ಲಂದ್ರ ಕುಂದ್ರಾಕಽ ಆಗ್ತಿರಲಿಲ್ಲ."

"ಹೌದು. ಅದಿರ್ಲಿ. ನಿನ್ನ ಫೈಲಿನಾಗ ಒಬ್ರು ಕುಂತಾರಂತ ಉಳದವ್ರಿಗೆ ಹೆಂಗ ತಿಳೀತೈತಿ?"

"ಮೊದ್ಲ ತೆರದವ್ರ ಕಂಪ್ಯೂಟರು ಆ ಫೋಲ್ಡರಿನಾಗ ಒಂದು ಸಣ್ಣ ಗುರ್ತಿನ ಫೈಲ್ ಇಡತೈತ್ರಿ. ಅದನ್ನ ನೋಡಿ ಉಳದವ್ರು ಜಾಗ ಮಾಡ್ಕೊಂಡು ಒಳಗ ಬರ್ತಾರ."

"ಅದನ್ನ ಇಡಾಕ ಆಗ್ಲಿಲ್ಲಂದ್ರ?"

"ಆಗ ಬ್ಯಾರೆ ಯಾರನ್ನೂ ಒಳಗ ಬಿಡದಂಗ ಫೈಲ್ ತಾನಽ ಚಿಲಕ..."

ಚನ್ನವೀರ ಕೈಯಲ್ಲಿದ್ದ ಚಪ್ಪಲಿ ನೋಡಿದ.

"ನಿಂಬೆಕ್ಕಗ ಆ ಗುರ್ತು ಇಡಾಕ ಬರ್ತೈತೇನು?"

"ಇಲ್ರಿ. ಆಕಿಗೆ ಏನೂ ಇಡಾಕ ಬರದಂಗ ನಾನಽ ಮಾಡೀನ್ರಿ."

"ಯಾವಾಗ?"

"ಈ ತಾಪತ್ರಯ ಶುರು ಆಗೂಕಿಂತ ಮೊದ್ಲ."

ಅಜ್ಜಾರು ಬಸ್ಸು ಬರುವ ದಾರಿಯ ಕಡೆ ನೋಡಿದರು. ಚನ್ನವೀರ ಓಡಿದ.

ಮಠದ ಅಗಸಿ ಬಾಗಿಲಲ್ಲಿ ನಿಂಬೆಕ್ಕ ಟ್ರಂಕಿನ ಮೇಲೆ ಕೂತಿದ್ದಳು. ಅವನು ಏದುಸಿರಿನಲ್ಲೇ ಎಲ್ಲ ಹೇಳಿದ. ಅವಳು ತಲೆಯೆತ್ತದೆ ಕೇಳಿದಳು.

"ಹಂಗಾರ ಆ ಅಜ್ಜನ ತಾಟಿಗೆ ಹುಗ್ಗಿ ಬಿದ್ದದ್ದು?"

"ನನ್ನಿಂದಽ."

"ಇಲ್ಲಿ ನನ್ನ ಮುಂದ ಹೇಳಿದ್ರಿ ದೇವ್ರ. ನಾ ಕೆಟ್ಟಾಕಿ ಅಂತ ಎಲ್ಲಾರ ಮುಂದ ಆಗೇತಿ. ಊಟದ ಪಂಕ್ತ್ಯಾಗ ಹೇಳ್ತೀರೇನು?"

"ಹೇಳ್ತೀನಿ."

ಬಸ್ಸು ಬಂದು ನಿಂತಿತು. ಕಂಡಕ್ಟರು ಟ್ರಂಕಿನ ಕಡೆ ನೋಡಿದ. ನಿಂಬೆಕ್ಕ ಕೂತಲ್ಲಿಂದ ಏಳಲಿಲ್ಲ. ಬಸ್ಸು ಹೋಯಿತು.

ಚನ್ನವೀರನಿಗೆ ಇನ್ನೂ ಒಂದು ಕೊರೆಯುತ್ತಿತ್ತು.

"ಅಕ್ಕಾ, ನಾ ಬಂದಾಗೆಲ್ಲ ಏನ್ ಮುಚ್ಚತಿದ್ದಿ?"

"ಏನಿಲ್ರಿ. ಕೋಣಿ ನಂಬರ ಹೊಡೀತಿದ್ದೆ."

"ಮತ್ತ ಯಾಕ ಮುಚ್ಚತಿದ್ದಿ?"

"ಗಂಡನ ಮನ್ಯಾಗ ಅಂವಾ ಹಿಂಗಽ ಸಪ್ಪಳಿಲ್ದಂಗ ಬಂದು ಹಿಂದ ನಿಂದರ್ತಿದ್ದ. ಆಮ್ಯಾಲೆ ಏಟು ಬೀಳ್ತಿದ್ದುವು. ಯಾರರ ಹಿಂದ ನಿಂತ್ರ ಕೈ ತಾವಽ ಮುಚ್ಚತಾವ."

ಹೇಳಿ ಅವಳು ಎದ್ದಳು. ಚನ್ನವೀರ ಟ್ರಂಕು ಎತ್ತಿಕೊಂಡು ಒಳಗೆ ನಡೆದ.

ಊಟದ ಪಂಕ್ತಿಯಲ್ಲಿ ಎದ್ದು ನಿಂತು ಹೇಳಬೇಕಾದ್ದನ್ನು ಹೇಳಿದ. ಫೋಲ್ಡರಿನಲ್ಲಿ ಕಿತ್ತುಕೊಂಡಿದ್ದ ಅನುಮತಿಯನ್ನು ನಿಂಬೆಕ್ಕನಿಗೆ ವಾಪಸು ಕೊಟ್ಟ. ಫೈಲನ್ನು ಅವಳು ಮೊದಲು ತೆರೆದಳು, ಆಮೇಲೆ ಔಷಧಾಲಯದವರು, ಆಮೇಲೆ ಅಡುಗೆಮನೆಯವರು. ಎಲ್ಲರಿಗೂ ತೆರೆಯಿತು.

ಸಂಜೆ ಅಜ್ಜಾರ ಹತ್ತಿರ ಬಂದು ಕೂತ. ಎಲ್ಲಾ ಸರಿ ಆತ್ರಿ ಎಂದ. ಎಂದವನು ಏಳಲೇ ಇಲ್ಲ.

"ಮತ್ತೇನು?"

ಸಂಶಯ ಅಷ್ಟು ಸುಲಭಕ್ಕೆ ಬಿಟ್ಟುಹೋಗುವುದಲ್ಲ.

"ಅಜ್ಜಾರ, ಫೈಲ್ ನನ್ನ ಜವಾಬ್ದಾರಿ. ಯಾರು ಏನ್ ಮಾಡ್ತಾರಂತ ಆಗಾಗ ಹೋಗಿ ನೋಡೂದು ಬ್ಯಾಡೇನ್ರಿ?"

"ನೋಡು, ಬ್ಯಾಡ ಅನ್ನೂದಿಲ್ಲ. ಚಪ್ಪಲಿ ಹಾಕ್ಕೊಂಡು ಹೋಗು, ಆಕಿ ಬಾಗಲದ ಹೊರಗ ಬಿಡು."