ಹೆಸರಿನ ಹಿಂದೆ ಬಂದ ಹೆದರಿಕೆ

"ಗುರುಗಳೇ, ಊರೂರೇ ಕೊಂಡಾಡುವ ಗಾಯಕರು ಅಮಲಿಗೆ ಏಕೆ ಬೀಳುತ್ತಾರೆ? ಅವರಿಗೇನು ಕಡಿಮೆ?" ಎಂದು ಶಿಷ್ಯ ಮಡಿವಾಳಯ್ಯ ಕೇಳಿದ.

ಗುರುಗಳು ಹೇಳತೊಡಗಿದರು.

ಒಬ್ಬ ಗಾಯಕನಿದ್ದ. ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಅವನು ಎಲ್ಲಿ ಕೂರಿಸಿದರೂ ಹಾಡುತ್ತಿದ್ದ. ತಪ್ಪಿದರೆ ತಾನೇ ನಕ್ಕು ಮತ್ತೆ ಎತ್ತಿಕೊಳ್ಳುತ್ತಿದ್ದ. ಆಮೇಲೆ ಹೆಸರು ಬಂತು. ಹೆಸರಿನ ಹಿಂದೆಯೇ ಹೆದರಿಕೆಯೂ ಬಂತು. ಸಭೆಗೆ ಹೊರಡುವ ಹೊತ್ತಿಗೆ ಅಂಗೈ ಬೆವರುತ್ತಿತ್ತು, ನಾಲಿಗೆ ಒಣಗುತ್ತಿತ್ತು. ನಿನ್ನೆ ತನ್ನೊಳಗಿಂದ ಹಾಡಿದವನು ಇವತ್ತು ಬಾರದೆ ಹೋದರೆ? ಜನ ಬಂದಿರುವುದು ಅವನನ್ನು ಕೇಳಲು! ಚಪ್ಪಾಳೆ ಜೋರಾದಷ್ಟೂ ಎದೆ ಕುಸಿಯುತ್ತಿತ್ತು; ಮುಂದಿನ ಸಲ ಇದನ್ನೂ ಮೀರಬೇಕಲ್ಲ. ಅಷ್ಟು ದೊಡ್ಡ ಗಾಯಕ ಹೆದರುತ್ತಾನೆಂದರೆ ನಗುತ್ತಾರೆ ಎಂದು ಯಾರೆದುರೂ ಬಾಯಿ ಬಿಡಲಿಲ್ಲ.

ಒಂದು ಸಂಜೆ ಅವನು ನಡುಗುತ್ತಿರುವುದನ್ನು ಕಂಡು ಒಬ್ಬ ಶ್ರೀಮಂತ ಅಫೀಮಿನ ಗುಳಿಗೆ ಕೊಟ್ಟ. ನಡುಕ ನಿಂತಿತು. ಹಾಡು ಏರಿತು. ಅಂದಿನಿಂದ ಗುಳಿಗೆಯಿಲ್ಲದೆ ಅವನು ವೇದಿಕೆ ಹತ್ತಲಿಲ್ಲ. ಹಾಡು ಚೆನ್ನಾದರೆ ಗುಳಿಗೆಯ ಗುಣ, ಕೆಟ್ಟರೆ ಗುಳಿಗೆಯ ದೋಷ. ಅವನ ಪಾಲಿಗೆ ಅದೇ ನೆಮ್ಮದಿ.

ತಂಬೂರಿ ಹಿಡಿದು ಅವನ ಹಿಂದೆ ತಂಗಿ ಕೂರುತ್ತಿದ್ದಳು. ಅಣ್ಣ ಸೊರಗುತ್ತಿರುವುದು ಅವಳಿಗೆ ಕಾಣುತ್ತಿತ್ತು. ಬೇಡವೆಂದರೆ ಕೇಳುವವನಲ್ಲ. ಗುಳಿಗೆ ಕಟ್ಟಿಕೊಡುವವಳು ಅವಳೇ ಆದ್ದರಿಂದ, ಅಫೀಮನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ, ಹುಣಸೆಹಣ್ಣು, ಬೇವಿನ ಪುಡಿ ಸೇರಿಸುತ್ತ ಬಂದಳು. ಅವನು ಮೈನೋವೆಂದ, ನಿದ್ದೆಯಿಲ್ಲವೆಂದ. ಹವೆ ಸರಿಯಿಲ್ಲ ಎಂದಳು. ಕೊನೆಗೆ ಗುಳಿಗೆಯಲ್ಲಿ ಅಫೀಮು ಒಂದಿಷ್ಟೂ ಉಳಿಯಲಿಲ್ಲ. ಅದನ್ನು ನುಂಗಿಯೇ ಅವನು ಆ ಮಳೆಗಾಲವೆಲ್ಲ ಹಾಡಿದ. ಹಿಂದೆಂದೂ ಹಾಗೆ ಹಾಡಿರಲಿಲ್ಲ.

ಅವಳಿಗೆ ಸಂತೋಷ ತಡೆಯಲಾಗಲಿಲ್ಲ. ಅರಮನೆಯಲ್ಲಿ ಹಾಡಬೇಕಾಗಿದ್ದ ದಿನ ಬೆಳಿಗ್ಗೆ ಹೇಳಿಬಿಟ್ಟಳು: "ಅಣ್ಣಾ, ನೀನು ಇಷ್ಟು ದಿನ ನುಂಗಿದ್ದು ಬರೀ ಹುಣಸೆಹಣ್ಣು, ಬೇವು. ಹಾಡಿದ್ದೆಲ್ಲ ನೀನೇ."

ಅವನ ಮುಖ ಬಿಳಿಚಿಕೊಂಡಿತು. "ಹಾಗಾದರೆ ಇವತ್ತು ತಪ್ಪಿದರೆ, ತಪ್ಪುವವನೂ ನಾನೇ ಅಲ್ಲವೇ?"

ಅಣ್ಣ ತಮಾಷೆ ಮಾಡುತ್ತಿದ್ದಾನೆಂದು ಅವಳು ನಕ್ಕಳು.

ಅವನು ಸ್ವರ ಹಿಡಿದು ನೋಡಿದ. ಗಂಟಲಿನಿಂದ ಬಂದದ್ದು ಬೇರೆ ಯಾರದೋ ದನಿಯಂತಿತ್ತು. ಬೀದಿಗಿಳಿದ. ಎದುರಾದವರೆಲ್ಲ ಕೈ ಮುಗಿದರು. ಒಂದೊಂದು ಮುಖವೂ ತನ್ನ ತಪ್ಪಿಗಾಗಿ ಕಾಯುತ್ತಿರುವಂತೆ ಅವನಿಗೆ ಕಂಡಿತು. ತಂಗಿಯ ಕಣ್ಣು ತಪ್ಪಿಸಿ ಆ ಶ್ರೀಮಂತನ ಮನೆಗೆ ಹೋಗಿ ಅಫೀಮು ಬೇಡಿದ. ಮೊದಲು ತಿನ್ನುತ್ತಿದ್ದಷ್ಟನ್ನೇ ತಿಂದ. ರೂಢಿ ತಪ್ಪಿದ್ದರಿಂದ ಅಷ್ಟನ್ನು ತಾಳುವ ಮೈ ಈಗ ಅವನದಾಗಿರಲಿಲ್ಲ.

ವೇದಿಕೆಯಲ್ಲಿ ಕಣ್ಣು ಮುಚ್ಚಿ ಕೈ ಎತ್ತಿದ. ಭಯ ಹೋಗಿತ್ತು. ತನ್ನ ಹಾಡು ತನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಸಭೆಗೆ ಕಂಡದ್ದು ಅಲುಗುವ ತುಟಿ ಮಾತ್ರ, ದನಿಯಿರಲಿಲ್ಲ. ಜನ ಒಬ್ಬರ ಮುಖವನ್ನೊಬ್ಬರು ನೋಡಿದರು. ತಂಬೂರಿ ನಿಲ್ಲಿಸಲು ಹೆದರಿ ತಂಗಿ ಮೀಟುತ್ತಲೇ ಇದ್ದಳು. ಅವನ ತಲೆ ಮೆಲ್ಲಗೆ ಎದೆಯ ಮೇಲೆ ಬಾಗಿತು. ಮತ್ತೆ ಏಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮಡಿವಾಳಯ್ಯ ಕೇಳಿದ: "ಹಾಗಾದರೆ ತಂಗಿ ನಿಜ ಹೇಳಿದ್ದೇ ತಪ್ಪಾಯಿತೇ?"

"ಹೇಳಲೇಬೇಕಿತ್ತು. ಆದರೆ ಅದಕ್ಕೂ ಮೊದಲು, 'ಅಣ್ಣಾ, ನಿನಗೆ ಏನು ಹೆದರಿಕೆ?' ಎಂದು ಕೇಳಬೇಕಿತ್ತು" ಎಂದರು ಗುರುಗಳು.