ಚಾಂದಮಾರಿಯಲ್ಲಿ ಬಾಳೇಶ

ರಬಕವಿಯ ನೇಕಾರರ ಹುಡುಗ ಬಾಳೇಶ ಸೈನ್ಯಕ್ಕೆ ಸೇರಿದ. ತರಬೇತಿಯಲ್ಲಿ ಓಟಕ್ಕೆ ಮುಂದು, ಹಗ್ಗ ಹತ್ತುವುದಕ್ಕೆ ಮುಂದು. ಚಾಂದಮಾರಿಗೆ, ಅಂದರೆ ಗುಂಡು ಹೊಡೆಯುವ ಮೈದಾನಕ್ಕೆ ಬಂದರೆ ಮಾತ್ರ ಅವನ ಗುಂಡುಗಳೆಲ್ಲ ಮಣ್ಣಿಗೆ.

ಎಲ್ಲರ ಗುರಿಹಲಗೆಯಲ್ಲೂ ತೂತು ಬೀಳುತ್ತಿದ್ದವು. ಅವನ ಹಲಗೆ ಹೊಸದರಂತೆ ಇರುತ್ತಿತ್ತು.

ಪರೀಕ್ಷೆಯಲ್ಲಿ ಗುರಿ ತಪ್ಪಿದವರನ್ನು ಗೆಳೆಯರಿಂದ ಬೇರ್ಪಡಿಸಿ ಹಿಂದಿನ ತಂಡಕ್ಕೆ ಹಾಕುತ್ತಿದ್ದರು. ಬಾಳೇಶನಿಗೆ ಊಟ ಸೇರದಾಯಿತು.

ಗುಂಡು ಹೊಡೆಯುವುದನ್ನು ಕಲಿಸುತ್ತಿದ್ದವರು ಹವಾಲ್ದಾರ್ ನದಾಫ್. ಹುಡುಗರು ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಅವರು ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ.

"ಉಸ್ತಾದ್, ಈ ಬಂದೂಕಿನಾಗ ಏನೋ ದೋಷ ಐತ್ರಿ," ಎಂದ ಬಾಳೇಶ.

ಉಸ್ತಾದ್ ಅದೇ ಬಂದೂಕು ತೆಗೆದುಕೊಂಡು ಹೊಡೆದರು. ಹಲಗೆಯ ನಡುವೆ ತೂತು ಬಿತ್ತು.

"ಸದ್ದಿಗೆ ಹೆದರತೀ ಏನು?"

"ಇಲ್ರಿ. ಮಗ್ಗದ ಸದ್ದಿನಾಗ ಹುಟ್ಟಿ ಬೆಳದಾಂವ ನಾನು."

"ಆತು ಬಿಡು," ಎಂದು ಉಸ್ತಾದ್ ಆಚೆ ತಿರುಗಿ ಬಂದೂಕು ಸಜ್ಜುಮಾಡಿ ಕೊಟ್ಟರು. "ಹೊಡಿ."

ಬಾಳೇಶ ಮಲಗಿ ಗುರಿ ಹಿಡಿದ. ಟ್ರಿಗರ್ ಎಳೆದ.

ಟಕ್ ಎಂದಿತು, ಅಷ್ಟೇ. ಒಳಗೆ ಗುಂಡೇ ಇರಲಿಲ್ಲ. ಆದರೆ ಅವನ ಕಣ್ಣು ಬಿಗಿಯಾಗಿ ಮುಚ್ಚಿತ್ತು, ಭುಜ ಕುಗ್ಗಿತ್ತು, ನಳಿಕೆಯ ತುದಿ ನೆಲ ನೋಡುತ್ತಿತ್ತು.

ಅವನಿಗೆ ಅಳು ಬಂದಂತಾಯಿತು.

"ನಾನೂ ಹಿಂಗ ಕಣ್ಣು ಮುಚ್ಚತಿದ್ನಿ," ಎಂದರು ಉಸ್ತಾದ್. "ಏಳು, ಹೋಗೂಣು."

ಅವರು ಅವನನ್ನು ಹಲಗೆಗಳ ಕೆಳಗಿನ ಆಳವಾದ ಕಂದಕಕ್ಕೆ ಕರೆದೊಯ್ದರು. ಹಲಗೆ ಇಳಿಸಿ ತೂತು ಎಣಿಸುವವರು ಕೂರುವ ಜಾಗ ಅದು. ಮೇಲೆ ಉಳಿದ ಹುಡುಗರ ಗುಂಡುಗಳು ಚಟೀರ್ ಎಂದು ಗಾಳಿ ಸೀಳಿ ಹೋಗುತ್ತಿದ್ದವು. ಪ್ರತಿ ಸಲವೂ ಬಾಳೇಶ ತಲೆ ತಗ್ಗಿಸಿದ.

ಉಸ್ತಾದ್ ಶೇಂಗಾ ಸುಲಿದು ಅವನ ಕೈಗೆ ಹಾಕುತ್ತ ಕೇಳಿದರು: "ಈಗ ಸದ್ದು ಕೇಳಿಸ್ತಲ್ಲ, ಆ ಗುಂಡು ಎಲ್ಲೈತಿ?"

ಬಾಳೇಶ ಯೋಚಿಸಿದ. "ದಾಟಿ ಹೋತ್ರಿ."

"ಮತ್ತ ನೀ ತಲಿ ಬಗ್ಗಿಸಿದ್ದು ಯಾರಿಗೆ?"

ಬಾಳೇಶ ಶೇಂಗಾ ತಿಂದ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಆ ಸದ್ದಿನ ಕೆಳಗೇ ಗೋಡೆಗೆ ಒರಗಿ ತೂಕಡಿಸತೊಡಗಿದ. ಉಸ್ತಾದ್ ಎಬ್ಬಿಸಲಿಲ್ಲ.

ಆಮೇಲೆ ದಿನಾ ಸಂಜೆ ಆಟದ ಹೊತ್ತಿನಲ್ಲಿ ಇಬ್ಬರೂ ಖಾಲಿ ಬಂದೂಕು ಹಿಡಿದು ಕೂರುತ್ತಿದ್ದರು. ಬಾಳೇಶನ ಬೆರಳಿನ ಮೇಲೆ ಉಸ್ತಾದ್ ತಮ್ಮ ಬೆರಳಿಟ್ಟು ಹದ ತೋರಿಸುತ್ತಿದ್ದರು.

"ಜಗ್ಗಬ್ಯಾಡ. ಮೆಲ್ಲಕ ಒತ್ತು. ಗುಂಡು ಯಾವಾಗ ಹಾರತೈತಿ ಅನ್ನೂದು ನಿನಗೂ ಗೊತ್ತಾಗಬಾರದು."

"ನನಗ ಗೊತ್ತಾಗದಿದ್ರ ಹೊಡಿಯಾಂವ ಯಾರ್ರಿ?"

ಉಸ್ತಾದ್ ನಕ್ಕರು. "ಒತ್ತು."

ಹಲಗೆಯಲ್ಲಿ ತೂತು ಬೀಳತೊಡಗಿದವು. ಮೊದಲು ಅಂಚಿಗೆ, ಆಮೇಲೆ ಒಳಗೆ. ಬಾಳೇಶನಿಗೆ ಮತ್ತೆ ಹಸಿವಾಗತೊಡಗಿತು. ಗುರಿಗಿಂತ ಹೆಚ್ಚು ಅವನಿಗೆ ಸೋಜಿಗವೆನಿಸಿದ್ದು ಬೇರೆಯೇ. ಹೊಡೆಯುವಾಗ ಮೈದಾನ ಹೀಗಿರುತ್ತದೆ ಎಂಬುದನ್ನೇ ಅವನು ಈವರೆಗೆ ನೋಡಿರಲಿಲ್ಲ. ಹೊಗೆ, ಹಲಗೆ, ಅದರ ಹಿಂದಿನ ಮಣ್ಣಿನ ದಿಬ್ಬ, ದಿಬ್ಬದ ಮೇಲೆ ಅಲ್ಲಾಡುವ ಹುಲ್ಲು.

ಪರೀಕ್ಷೆಯ ದಿನ ಹುಡುಗರು ಒಬ್ಬೊಬ್ಬರಾಗಿ ಹೊಡೆದರು. ಬಾಳೇಶನ ಸರದಿ ಕೊನೆಗೆ ಬಂತು. ಒಂದು ಗುಂಡು ತಪ್ಪಿತ್ತು, ಉಳಿದವು ಹಲಗೆಗೆ ಬಿದ್ದಿದ್ದವು. ಕೊನೆಯದು ಬಿದ್ದರೆ ಪಾಸು.

ಪರೀಕ್ಷೆ ನಡೆಸಲು ಬಂದು ಹಿಂದೆ ನಿಂತಿದ್ದ ಸುಬೇದಾರರು ಗಡಿಯಾರ ನೋಡುತ್ತಿದ್ದರು. ಉಸ್ತಾದ್ ದುರ್ಬೀನು ಹಿಡಿದು ಹಲಗೆಯನ್ನೇ ನೋಡುತ್ತಿದ್ದರು.

ಬಾಳೇಶ ಉಸಿರು ಬಿಟ್ಟ. ನಳಿಕೆಯ ತುದಿ ಹಲಗೆಯ ನಡುವಿಗೆ ಬಂದು ನಿಂತಿತು. ಅಷ್ಟು ನಿಶ್ಚಲವಾಗಿ ಅದು ಎಂದೂ ನಿಂತಿರಲಿಲ್ಲ. ಬೆರಳು ಒತ್ತತೊಡಗಿತು.

ದಿಬ್ಬದ ಹುಲ್ಲಿನಲ್ಲಿ ಏನೋ ಕೆಂಪಗೆ ಕಂಡಿತು.

ಬಾಳೇಶ ಬೆರಳು ಹೊರಗೆ ತೆಗೆದ. "ಯಾರೋ ಅದಾರ್ರಿ!" ಎಂದು ಕೂಗಿದ.

"ಹೊತ್ತು ಮುಗೀತು ಹುಡುಗಾ, ಹೊಡಿ!" ಎಂದರು ಸುಬೇದಾರರು.

"ಹೊಡಿಯಂಗಿಲ್ರಿ! ಯಾರೋ ಅದಾರ!"

ಸುಬೇದಾರರ ಸೀಟಿ ಕೂಗಿತು. ಕಾವಲಿನವರು ಓಡಿದರು. ದಿಬ್ಬದ ಹಿಂಬದಿಯಿಂದ ಹತ್ತಿ ಬಂದಿದ್ದ, ಕೆಂಪು ಸೀರೆಯ ಮುದುಕಿಯೊಬ್ಬಳನ್ನು ಕೈಹಿಡಿದು ಇಳಿಸಿ ತಂದರು.

"ನನ್ನ ಆಡು ಈ ಕಡೆ ಬಂತಪಾ," ಎನ್ನುತ್ತಿದ್ದಳು ಆಕೆ. "ನೀವೇನರ ಕಂಡೀರೇನು?"

ಒಬ್ಬ ಹುಡುಗ ನೀರು ಕೊಟ್ಟ. ಇನ್ನಿಬ್ಬರು ಆಡು ಹುಡುಕಲು ಹೋದರು.

ಸುಬೇದಾರರು ಬೆವರು ಒರೆಸಿಕೊಂಡು ಮೈದಾನ ಮುಚ್ಚಿಸಿದರು. "ನಿನ್ನ ಕೊನೇ ಗುಂಡು ನಾಳೆ ಹೊಡಿ," ಎಂದು ಬಾಳೇಶನಿಗೆ ಹೇಳಿ ಅವನ ಬೆನ್ನು ತಟ್ಟಿ ಹೋದರು.

ಮರುದಿನ ಅವನು ಹೊಡೆದ, ಪಾಸಾದ, ಗೆಳೆಯರ ಜೊತೆಗೇ ಉಳಿದ. ಆದರೆ ಮುಂದೆ ಎಷ್ಟೋ ವರ್ಷ ಅವನು ನೆನೆಯುತ್ತಿದ್ದದ್ದು ಹಿಂದಿನ ಸಂಜೆಯನ್ನು.

ಅಂದು ಎಲ್ಲರೂ ಹೋದ ಮೇಲೆ ಬಾಳೇಶ ಬಂದೂಕಿನಿಂದ ತೆಗೆದಿದ್ದ ಆ ಗುಂಡನ್ನು ಹಿಡಿದು ಕೂತಿದ್ದ. ಉಸ್ತಾದ್ ಬಂದು ಪಕ್ಕದಲ್ಲಿ ಕುಳಿತರು.

"ನನಗ ಕಾಣಲಿಲ್ಲ, ಬಾಳೇಶ," ಎಂದರು. "ನಾ ಹಲಗಿ ನೋಡಕೋತ ನಿಂತಿದ್ನಿ."

ಬಾಳೇಶ ಅಂಗೈ ಚಾಚಿದ. "ಒಂದು ಉಳೀತ್ರಿ, ಉಸ್ತಾದ್. ಹೊಡಿಯಾಕ ಆಗಲಿಲ್ಲ."

ಉಸ್ತಾದ್ ಆ ಗುಂಡನ್ನು ನೋಡಿದರು. ಆಮೇಲೆ ಹುಡುಗನ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿದರು.

"ಇವತ್ತು ನೀ ಹೊಡದದ್ದರಾಗ ನೆಟ್ಟಗ ಗುರಿ ಮುಟ್ಟಿದ್ದು ಇದೊಂದ."